ಶಾನುಭೋಗರ ಅಟ್ಟದಿಂದ ವಿಶ್ವವಿದ್ಯಾಲಯದ ಕಪಾಟಿಗೆ: ಓಲೆಗರಿ, ಕಡತ, ಲೆಕ್ಕಪತ್ರಗಳನ್ನು ಉಳಿಸುವ ಕ್ರಮ

1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ, ಕುಲಕರ್ಣಿಕೆಗಳು ಮುಗಿದವು. ಹುದ್ದೆ ಹೋಯಿತು, ಕಾಗದಪತ್ರ ಬಹಳಷ್ಟು ಮನೆಯಲ್ಲೇ ಉಳಿಯಿತು. ಕೆರೆ ಒಡೆದ ವರ್ಷ, ಊರು ಬಿಟ್ಟುಹೋದ ಕುಟುಂಬಗಳು, ದೇವಸ್ಥಾನದ ಉಂಬಳಿ, ಸಾಲದ ಭೋಗ್ಯಪತ್ರ, ಖಾನೇಷುಮಾರಿ (ಮನೆ-ಜನಗಳ ಎಣಿಕೆ) ಎಲ್ಲವೂ ಆ ಗಂಟುಗಳಲ್ಲಿವೆ. ಈಗ ಹಳೆಯ ಮನೆಗಳನ್ನು ಕೆಡವಿ ಆರ್‌ಸಿಸಿ ಹಾಕಿಸುವ ಹೊತ್ತಿನಲ್ಲಿ ಗಂಟುಗಳು ಒಂದೋ ಒಲೆ ಸೇರುತ್ತವೆ, ಇಲ್ಲವೇ ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ಬರುತ್ತವೆ.

ಅಲ್ಲಿಗೆ ಬಂದ ಮೇಲೂ ಅವು ಸಾಯುವುದುಂಟು. ಗೆದ್ದಲು ತಿಂದದ್ದಕ್ಕಿಂತ ಹೆಚ್ಚು ಹಾಳಾಗುವುದು ಒಳ್ಳೆಯ ಮನಸ್ಸಿನವರ ಅವಸರದಿಂದ. ಬಂದ ದಿನವೇ ಗಂಟು ಬಿಚ್ಚಿ, ವಿಷಯವಾರು ವಿಂಗಡಿಸಿ, ಎಣ್ಣೆ ಹಚ್ಚಿ, ಸ್ಕ್ಯಾನ್ ಮಾಡಿ ಮುಗಿಸಿಬಿಡುತ್ತಾರೆ. ಯಾರ ಮನೆಯದು, ಯಾವ ಗಂಟಿನದು, ಯಾವುದರ ಪಕ್ಕದಲ್ಲಿತ್ತು ಎಂಬುದು ಹೋದರೆ ಊರಿನ ಚರಿತ್ರೆ ಹೋಯಿತು, ಬರೀ ಹಳೆಯ ಕಾಗದ ಉಳಿಯಿತು. ಆದ್ದರಿಂದ ಈ ಕೆಲಸದ ಕ್ರಮ ಒಂದೇ: ಮೊದಲು ಬರೆದುಕೊಳ್ಳಿ, ಆಮೇಲೆ ಮುಟ್ಟಿ.

ಹೊರಡುವ ಮೊದಲು

ಮಲೆನಾಡು, ಕರಾವಳಿಯ ಮನೆಗಳಿಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಹೋಗಬೇಡಿ. ಆ ಹವೆಯಲ್ಲಿ ಗಂಟನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಜೀಪಿನಲ್ಲಿ ತಂದರೆ ವಾರದೊಳಗೆ ಬೂಷ್ಟು. ಫೆಬ್ರವರಿಯಿಂದ ಮೇ ಒಳ್ಳೆಯ ಕಾಲ.

ಒಯ್ಯಬೇಕಾದದ್ದು: ಎನ್-95 ಮುಖಗವಸು, ನೈಟ್ರೈಲ್ ಕೈಗವಸು, 2 ಇಂಚಿನ ಮೃದು ಕುಂಚ, ಪೆನ್ಸಿಲ್ (ಪೆನ್ನು ಬೇಡವೇ ಬೇಡ), ದಾರ ಕಟ್ಟಿದ ರಟ್ಟಿನ ಚೀಟಿಗಳು, ಅಳತೆಪಟ್ಟಿ, ಬಿಳಿ ಹಾಳೆ, ಗಟ್ಟಿ ರಟ್ಟಿನ ಪೆಟ್ಟಿಗೆ, ಹತ್ತಿಬಟ್ಟೆ. ಬಟ್ಟೆ ಹೊಸದಾದರೆ ಎರಡು ಬಾರಿ ಬಿಸಿನೀರಿನಲ್ಲಿ ಒಗೆದು ಒಣಗಿಸಿರಬೇಕು. ಹೊಸ ಬಟ್ಟೆಯ ಗಂಜಿ ಬೆಳ್ಳಿಹುಳಕ್ಕೆ ಹಬ್ಬದೂಟ. ಕೆಂಪು ವಸ್ತ್ರದಲ್ಲಿ ಕಟ್ಟುವ ಸಂಪ್ರದಾಯ ಚೆನ್ನ, ಆದರೆ ಬಣ್ಣ ಬಿಡುತ್ತದೆಯೇ ನೋಡಿ. ಒದ್ದೆ ಮಾಡಿ ಬಿಳಿ ಕಾಗದದ ಮೇಲೆ ಒತ್ತಿದಾಗ ಗುಲಾಬಿ ಕಲೆ ಬಿದ್ದರೆ ಆ ಬಟ್ಟೆ ಬೇಡ.

ಅಟ್ಟದಲ್ಲಿ ಇಲಿ ಹಿಕ್ಕೆ, ಬಾವಲಿ ಹಿಕ್ಕೆ ಇದ್ದೇ ಇರುತ್ತದೆ. ಇಲಿಜ್ವರದ ಸೀಮೆಯಲ್ಲಿ ಕೈಗವಸಿಲ್ಲದೆ ಕೈ ಹಾಕಬೇಡಿ. ಮನೆಯಿಂದ ತಂದು ಶುಚಿ ಮಾಡಿದ ಮೇಲೆ ಮಾತ್ರ ತೊಳೆದು ಒಣಗಿದ ಬರಿಗೈ ವಾಸಿ. ಹತ್ತಿಯ ಕೈಗವಸಿನ ಎಳೆ ಓಲೆಯ ಸೀಳಿಗೆ ಸಿಕ್ಕಿದರೆ ಗರಿ ಹರಿಯುತ್ತದೆ.

ಅಟ್ಟದ ಕೆಳಗೆ

ಗಂಟು ಇಳಿಸುವ ಮುನ್ನ ಅದು ಇದ್ದ ಜಾಗದಲ್ಲೇ ಒಂದು ಫೋಟೊ. ಇಳಿಸಿದ ಮೇಲೆ, ಬಿಚ್ಚುವ ಮುನ್ನ ಇನ್ನೊಂದು. ಪ್ರತಿ ಗಂಟಿಗೆ ಚೀಟಿ ಕಟ್ಟಿ ಸಂಖ್ಯೆ ಕೊಡಿ. ಗಂಟಿನೊಳಗೆ ಗಂಟಿದ್ದರೆ 3ರ ಒಳಗೆ 3/1, 3/2. ಕುಲಕರ್ಣಿಗಳ ದಫ್ತರದಲ್ಲಿ ಒಂದು ರುಮಾಲಿನಲ್ಲಿ, ಅಂದರೆ ಒಂದು ಬಟ್ಟೆಗಂಟಿನಲ್ಲಿ, ಒಂದು ವರ್ಷದ ಅಥವಾ ಒಂದು ತಂಟೆಯ ಕಾಗದವೆಲ್ಲ ಒಟ್ಟಿಗಿರಬಹುದು. ಕ್ರಯಪತ್ರಗಳನ್ನೆಲ್ಲ ಒಂದು ಕಡೆ, ಅರ್ಜಿಗಳನ್ನೆಲ್ಲ ಇನ್ನೊಂದು ಕಡೆ ಮಾಡಿದರೆ ಆ ಅರ್ಜಿ ಯಾವ ಕ್ರಯಕ್ಕೆ ತಕರಾರು ಎಂಬುದು ಯಾವತ್ತಿಗೂ ಗೊತ್ತಾಗುವುದಿಲ್ಲ. ಗೊಂದಲದಂತೆ ಕಂಡ ಕ್ರಮವನ್ನೂ ಹಾಗೇ ಇಡಿ, ಗೊಂದಲವೆಂದು ಬರೆದಿಡಿ.

ಮನೆಯವರನ್ನು ಕೇಳಬೇಕಾದದ್ದು: ಕೈಬರಹ ಯಾರದು, ಯಾವ ಯಾವ ಊರುಗಳ ಶಾನುಭೋಗಿಕೆ ಇತ್ತು, ಮನೆತನ ಎಲ್ಲಿಂದ ಬಂತು, ಗಂಟು ಮೊದಲು ಎಲ್ಲಿ ಇಡುತ್ತಿದ್ದರು, ಪೂಜೆ ಮಾಡುವುದುಂಟೆ. ಮರೆಯದೆ ಕೇಳಬೇಕಾದ ಇನ್ನೊಂದು ಪ್ರಶ್ನೆ: ಅಣ್ಣತಮ್ಮಂದಿರ ಪಾಲು ಯಾವಾಗ ಆಯಿತು? ಹಿಸ್ಸೆಯಾದಾಗ ಗದ್ದೆ, ಪಾತ್ರೆಗಳ ಜೊತೆ ಕಾಗದಪತ್ರವೂ ಪಾಲಾಗುತ್ತದೆ. ಅರ್ಧ ಲೆಕ್ಕ ಈ ಮನೆಯಲ್ಲಿದ್ದರೆ ಉಳಿದರ್ಧ ನಾಲ್ಕು ಮೈಲಿ ಆಚೆ ದಾಯಾದಿಗಳಲ್ಲಿರುತ್ತದೆ.

ಗಂಟು ಎಲ್ಲಿತ್ತು ಎಂಬುದಕ್ಕೂ ಅರ್ಥವಿದೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಿಂದ ಓಲೆ ಕಪ್ಪಾಗಿರುತ್ತದೆ, ಹುಳ ಕಡಿಮೆ. ಮನೆಗೆ ಗ್ಯಾಸ್ ಬಂದ ಮೇಲೆ ಹೊಗೆ ನಿಂತಿತು, ಹುಳ ಶುರುವಾಯಿತು. ಗ್ಯಾಸ್ ಬಂದ ವರ್ಷ ಕೇಳಿ ಬರೆದುಕೊಂಡರೆ ಹಾನಿ ಎಷ್ಟು ಹೊಸದೆಂಬ ಅಂದಾಜು ಸಿಗುತ್ತದೆ.

ಕೊಟ್ಟವರ ಹೆಸರು ದಾಖಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನಲ್ಲೇ ಉದಾಹರಣೆಯಿದೆ. 1891ರಲ್ಲಿ ಆರಂಭವಾದ ಪ್ರಾಚ್ಯ ಗ್ರಂಥಾಲಯದಲ್ಲಿ, ಅಂದರೆ ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅಷ್ಟು ದೊಡ್ಡ ಗ್ರಂಥವನ್ನು ತಂದುಕೊಟ್ಟವರು ಮಾತ್ರ ಇಂದಿಗೂ ‘ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು’. ಆ ಪ್ರತಿ ಯಾವ ಮನೆಯಲ್ಲಿತ್ತು, ಜೊತೆಯಲ್ಲಿ ಬೇರೆ ಏನಿತ್ತು ಎಂದು ಈಗ ಯಾರನ್ನು ಕೇಳುವುದು?

ದಾನಪತ್ರ

ಬಾಯಿಮಾತಿನಲ್ಲಿ ತಂದದ್ದು ಹತ್ತು ವರ್ಷದ ಮೇಲೆ ಜಗಳವಾಗುತ್ತದೆ. ಒಂದು ಪುಟದ ಪತ್ರ ಸಾಕು, ಆದರೆ ಈ ಮಾತುಗಳು ಅದರಲ್ಲಿರಬೇಕು: ಕೊಡುಗೆಯೋ ಇರಿಸಲು ಕೊಟ್ಟದ್ದೋ, ಗಂಟುಗಳ ಪಟ್ಟಿ, ಪಾಲುದಾರರೆಲ್ಲರ ಒಪ್ಪಿಗೆ, ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಲು ಅನುಮತಿ ಇದೆಯೇ, ಮನೆಯವರಿಗೆ ಸ್ಕ್ಯಾನ್ ಪ್ರತಿ ಎಷ್ಟು ದಿನದಲ್ಲಿ ಕೊಡುತ್ತೀರಿ. ಬರಹಗಾರ ತೀರಿಕೊಂಡು 60 ವರ್ಷ ಆಗಿರದಿದ್ದರೆ ಪತ್ರ, ದಿನಚರಿಗಳಿಗೆ ಕೃತಿಸ್ವಾಮ್ಯದ ಮಾತೂ ಸೇರಬೇಕು.

ಜಮೀನಿನ ಚಾಲ್ತಿ ಹಕ್ಕುಪತ್ರಗಳನ್ನು ತರಬೇಡಿ. ಅಲ್ಲೇ ಚಿತ್ರ ತೆಗೆದುಕೊಂಡು ಮೂಲವನ್ನು ಮನೆಯವರಿಗೇ ಬಿಡಿ. ‘ನಮ್ಮ ಆಸ್ತಿಗೆ ತೊಂದರೆಯಾದರೆ’ ಎಂಬ ಹೆದರಿಕೆ ಇದರಿಂದ ಅರ್ಧ ಇಳಿಯುತ್ತದೆ. ಸರ್ಕಾರದ ಮೊಹರು ಇರುವ ಮೂಲ ರಿಜಿಸ್ಟರು ಸಿಕ್ಕಿದರೆ ಅದು ಕುಟುಂಬದ ಸ್ವತ್ತಲ್ಲ. ರಾಜ್ಯ ಪತ್ರಾಗಾರಕ್ಕೆ ಬರೆದು ಕೇಳಿಯೇ ಮುಂದಿನ ಹೆಜ್ಜೆ. ಹೊರದೇಶದಲ್ಲಿರುವ ಮಕ್ಕಳು ‘ಒಂದು ಓಲೆಕಟ್ಟು ನೆನಪಿಗೆ ಇಲ್ಲಿಗೆ ತರುತ್ತೇವೆ’ ಎನ್ನುವುದುಂಟು. 1972ರ ಪುರಾವಸ್ತು ಕಾಯ್ದೆಯಂತೆ 75 ವರ್ಷ ದಾಟಿದ, ಚಾರಿತ್ರಿಕ ಅಥವಾ ಸಾಹಿತ್ಯಕ ಮೌಲ್ಯದ ಹಸ್ತಪ್ರತಿ ಪುರಾವಸ್ತು. ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೊದಲ ತಿಂಗಳು: ಬೇರೆ ಕೋಣೆ

ಹೊಸ ಗಂಟು ನೇರವಾಗಿ ಭಂಡಾರಕ್ಕೆ ಹೋಗಕೂಡದು. ಬೇರೆ ಕೋಣೆಯಲ್ಲಿ, ಗೋಡೆಗೆ ತಾಗದಂತೆ, ಬಿಳಿ ಹಾಳೆಯ ಮೇಲೆ ಒಂದು ವಾರ ಇಡಿ. ಹಾಳೆಯ ಮೇಲೆ ಹೊಸದಾಗಿ ಹಿಟ್ಟಿನಂಥ ಪುಡಿ ಬಿದ್ದರೆ ಒಳಗೆ ಜೀವಂತ ಹುಳವಿದೆ. ಓಲೆಯನ್ನು ಗುಂಡುಸೂಜಿ ಚುಚ್ಚಿದಂತೆ ತೂತು ಮಾಡುವುದು ಬಹುಪಾಲು ಸಿಗರೇಟ್ ಬೀಟಲ್ ಎಂಬ ಕಂದು ದುಂಬಿಯ ಮರಿ.

ಕಾಗದ, ಓಲೆಗರಿಗಳಿಗೆ ಶೀತಲೀಕರಣ ಸಾಕು. ಗಂಟನ್ನು ಬಟ್ಟೆಯಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿ ಆದಷ್ಟು ಹೊರಹಾಕಿ ಮುಚ್ಚಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬೇಕು. ಮನೆಯ ಫ್ರಿಜ್ಜಿನ ಐಸ್ ಪೆಟ್ಟಿಗೆಯನ್ನು ನಂಬಬೇಡಿ, ಥರ್ಮಾಮೀಟರ್ ಇಟ್ಟು ನೋಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಕುತೂಹಲ ತಡೆಯದೆ ಬಿಚ್ಚಿದರೆ ತಣ್ಣನೆಯ ಓಲೆಯ ಮೇಲೆ ಹೊರಗಿನ ತೇವ ಹನಿಗಟ್ಟುತ್ತದೆ, ಎರಡು ವಾರದ ಕೆಲಸ ನೀರಲ್ಲಿ ಹೋಮ. ಕಡತವನ್ನು, ಅಂದರೆ ಕಪ್ಪು ಲೇಪ ಬಳಿದ ಬಟ್ಟೆಯ ಮಡಿಕೆ ಪುಸ್ತಕವನ್ನು, ಮಾತ್ರ ಫ್ರೀಜರಿಗೆ ಹಾಕಬೇಡಿ, ಮೇಲಿನ ಲೇಪ ಬಿರಿಯುವ ಭಯವಿದೆ. ಅದಕ್ಕೆ ಗಾಳಿ ನುಸುಳದ ಚೀಲದಲ್ಲಿ ಆಮ್ಲಜನಕ ಹೀರುವ ಪೊಟ್ಟಣಗಳನ್ನಿಟ್ಟು ಮೂರು ವಾರ ಮುಚ್ಚಿಡುವ ಕ್ರಮವೇ ಸರಿ.

ನುಸಿಗುಳಿಗೆ ಹಾಕುವ ಅಭ್ಯಾಸ ಬಿಡಿ. ಓದುಗರ ತಲೆನೋವೇ ಅದರ ಮುಖ್ಯ ಫಲ. ಬಜೆಯ ಪುಡಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ಕಪಾಟಿನಲ್ಲಿಡುವುದು ಒಳ್ಳೆಯ ಪದ್ಧತಿ, ಆದರೆ ವಾಸನೆ ಮೂರು ನಾಲ್ಕು ತಿಂಗಳಿಗೆ ಸಾಯುತ್ತದೆ, ಬದಲಿಸುತ್ತಿರಬೇಕು. ಹಸಿ ಬೇವಿನ ಸೊಪ್ಪು ತೇವ ತರುತ್ತದೆ, ಒಣಗಿದ್ದು ಪುಡಿಯಾಗಿ ಗರಿಗಳ ನಡುವೆ ಕೂರುತ್ತದೆ. ಎರಡನ್ನೂ ಓಲೆಕಟ್ಟಿನೊಳಗೆ ಇಡಬೇಡಿ.

ಓಲೆಗರಿ

ಶ್ರೀತಾಳೆಯ ಗರಿ ತೆಳು, ಅಗಲ, ಮೆದು. ಸಾದಾ ತಾಳೆಯದು ದಪ್ಪ, ಕಿರಿದು, ಬೇಗ ಮುರಿಯುವಂಥದು. ಎರಡರಲ್ಲೂ ಸಾಮಾನ್ಯವಾಗಿ ಕಂಟದಿಂದ (ಚೂಪು ಮೊನೆಯ ಲೋಹದ ಲೇಖನಿ) ಕೊರೆದು ಮಸಿ ತುಂಬಿರುತ್ತಾರೆ. ಶಾಯಿಯಿಂದ ಮೇಲೆ ಬರೆದ ಗರಿಯೂ ಅಪರೂಪಕ್ಕೆ ಸಿಗುತ್ತದೆ. ಮೊದಲ ಪರೀಕ್ಷೆ ಇದೇ: ಭೂತಗನ್ನಡಿಯಲ್ಲಿ ಅಕ್ಷರ ಗೀರಿನಂತೆ ತಗ್ಗಾಗಿದೆಯೇ, ಮೇಲೆ ಕುಳಿತಿದೆಯೇ? ಮೇಲೆ ಕುಳಿತಿದ್ದರೆ ಒಣ ಕುಂಚ ಬಿಟ್ಟು ಬೇರೇನೂ ತಾಗಬಾರದು.

ಕೊರೆದ ಗರಿಯಾದರೆ ಒಣ ಕುಂಚದಿಂದ ಧೂಳು ತೆಗೆದು, ಈಥೈಲ್ ಆಲ್ಕೋಹಾಲು ಮತ್ತು ಶುದ್ಧನೀರು ಸಮಸಮ ಬೆರೆಸಿ, ಹತ್ತಿಯುಂಡೆ ಅದ್ದಿ, ಹಿಂಡಿ, ಗರಿಯ ಎಳೆಯ ಉದ್ದಕ್ಕೆ ಮೆಲ್ಲಗೆ ಒರೆಸಿ. ಅಡ್ಡಕ್ಕೆ ಒರೆಸಿದರೆ ಎಳೆ ಬಿಡುತ್ತದೆ. ಮೊದಲು ಅಕ್ಷರವಿಲ್ಲದ ಅಂಚಿನಲ್ಲಿ, ಆಮೇಲೆ ಒಂದೇ ಅಕ್ಷರದ ಮೇಲೆ ಪ್ರಯೋಗಿಸಿ ನೋಡಿ. ಒಣಗಿದ ಬಳಿಕ ಸಿಟ್ರೊನೆಲ್ಲ ಎಣ್ಣೆ: ಒಂದು ಗರಿಗೆ ಒಂದೆರಡು ಹನಿ, ಬಟ್ಟೆಗೆ ಹಾಕಿ ಸವರಿ, ಹದಿನೈದು ನಿಮಿಷ ಬಿಟ್ಟು ಒಣಬಟ್ಟೆಯಿಂದ ಒರೆಸಬೇಕು. ಹೊಳೆಯುವಷ್ಟು ಹಚ್ಚುವ ಉತ್ಸಾಹ ಬೇಡ. ಹೆಚ್ಚಾದ ಎಣ್ಣೆ ಧೂಳು ಹಿಡಿದು ಅಂಟಾಗುತ್ತದೆ, ಗರಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಪ್ರತಿ ವರ್ಷ ಹಚ್ಚಬೇಕೆಂಬ ನಿಯಮವೇನೂ ಇಲ್ಲ. ಗರಿ ಬಾಗಿಸಿದರೆ ಬಾಗುತ್ತಿದೆ ಎಂದಾದರೆ ಬಿಟ್ಟುಬಿಡಿ.

ಅಂಟಿಕೊಂಡ ಕಟ್ಟನ್ನು ಚಾಕುವಿನಿಂದ ಬಿಡಿಸಲು ಹೋಗಬೇಡಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಒದ್ದೆ ಬ್ಲಾಟಿಂಗ್ ಕಾಗದ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಕಟ್ಟು. ಒಂದು ದಿನದಲ್ಲಿ ಗರಿಗಳು ಮೆತ್ತಗಾಗುತ್ತವೆ. ಆರಾರು ಗಂಟೆಗೊಮ್ಮೆ ತೆಗೆದು ನೋಡಿ, ಬೂಷ್ಟು ವಾಸನೆ ಬಂದರೆ ತಕ್ಷಣ ನಿಲ್ಲಿಸಿ. ಆಮೇಲೆ ನುಣುಪಾದ ಬಿದಿರ ಕಡ್ಡಿಯನ್ನು ತುದಿಯಿಂದ ನುಗ್ಗಿಸುತ್ತ ಬಿಡಿಸಿ.

ಮತ್ತೆ ಕಟ್ಟುವಾಗ ಹಲಗೆ ಗರಿಗಿಂತ ಸುತ್ತಲೂ ಅರ್ಧ ಸೆಂಟಿಮೀಟರ್ ದೊಡ್ಡದಿರಲಿ. ಪ್ಲೈವುಡ್ ಬೇಡ, ಅದರ ಅಂಟು ಆವಿ ಬಿಡುತ್ತದೆ. ಹತ್ತಿದಾರ ಸಡಿಲವಾಗಿರಲಿ. ಬಿಗಿದರೆ ರಂಧ್ರದಿಂದಲೇ ಗರಿ ಸೀಳುತ್ತದೆ. ಸಂಖ್ಯೆಯನ್ನು ಗರಿಯ ಮೇಲೆ ಬರೆಯದೆ ದಾರಕ್ಕೆ ಕಟ್ಟಿದ ಚೀಟಿಯಲ್ಲಿ ಬರೆಯಿರಿ. ಎಡ ಅಂಚಿನಲ್ಲಿ ಲಿಪಿಕಾರನೇ ಹಾಕಿದ ಅಂಕಿಗಳಿರುತ್ತವೆ. ಅವುಗಳಲ್ಲಿ ತಪ್ಪಿಹೋದವನ್ನು ಪಟ್ಟಿ ಮಾಡಿ. ಒಂದೇ ಕಟ್ಟಿನಲ್ಲಿ ಪುರಾಣ, ವೈದ್ಯ, ಸಾಲದ ಲೆಕ್ಕ ಮೂರೂ ಇರುವುದು ಮಾಮೂಲು. ಮೊದಲ ಗರಿ ನೋಡಿ ಇಡೀ ಕಟ್ಟಿಗೆ ಹೆಸರಿಟ್ಟರೆ ಉಳಿದೆರಡು ಕಳೆದುಹೋದಂತೆಯೇ.

ಕಡತ

ಇದು ಕರ್ನಾಟಕದ ಪತ್ರಾಗಾರಗಳು ವಿಶೇಷವಾಗಿ ಕಲಿಯಬೇಕಾದ ವಿದ್ಯೆ, ಹೊರಗಿನ ಕೈಪಿಡಿಗಳಲ್ಲಿ ಇದರ ಸುದ್ದಿಯೇ ಕಡಿಮೆ. ಕಡತವೆಂದರೆ ಇಂದಿನ ಫೈಲು ಅಲ್ಲ. 8 ಅಂಗುಲದಿಂದ 1 ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬರೆಯುವುದು ಬಳಪದಿಂದ. ಒದ್ದೆಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು ಎಂಬುದೇ ಅದರ ಅನುಕೂಲ, ಪತ್ರಾಗಾರದಲ್ಲಿ ಅದೇ ಅದರ ಕಂಟಕ. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಹಳ್ಳಿಯ ಮನೆಗಳಲ್ಲಿ ಸಿಗುವ ಕಡತವನ್ನು ಎಷ್ಟೋ ಜನ ಮಸಿಬಟ್ಟೆಯೆಂದು ಬಿಸಾಡುತ್ತಾರೆ.

ಆದ್ದರಿಂದ ಕಡತಕ್ಕೆ ನೀರಿಲ್ಲ, ಆಲ್ಕೋಹಾಲಿಲ್ಲ, ಎಣ್ಣೆಯಿಲ್ಲ, ಕುಂಚವೂ ಇಲ್ಲ. ರಬ್ಬರಿನ ಗಾಳಿಬುಡ್ಡೆಯಿಂದ ಒಂದು ಗೇಣು ದೂರದಿಂದ ಊದಿದರೆ ಮುಗಿಯಿತು. ಬಾಯಲ್ಲಿ ಊದಬೇಡಿ, ಉಗುಳಿನ ಒಂದು ಹನಿ ಒಂದು ಅಂಕಿಯನ್ನು ಅಳಿಸುತ್ತದೆ. ಬೆವರುವ ಕೈಯಲ್ಲಿ ಅಂಚನ್ನಷ್ಟೇ ಹಿಡಿಯಿರಿ. ಇಡೀ ಉದ್ದಕ್ಕೆ ಹರವಿ ನೋಡುವ ಆಸೆ ಬೇಡ. ಎರಡು ಮಡಿಕೆ ತೆರೆದು, ಚಿತ್ರ ತೆಗೆದು, ಮುಚ್ಚಿ, ಮುಂದಿನ ಎರಡಕ್ಕೆ ಹೋಗಿ. ಮಡಿಕೆಯ ಗೆರೆಯಲ್ಲೇ ಲೇಪ ಉದುರುತ್ತದೆ, ಹಾಗಾಗಿ 180 ಡಿಗ್ರಿ ಬಿಚ್ಚದೆ ಕೆಳಗೆ ಬಟ್ಟೆಯ ದಿಂಬು ಕೊಟ್ಟು ಓರೆಯಾಗಿ ತೆರೆಯಿರಿ. ಉದುರಿದ ಚೂರುಗಳನ್ನು ಎಸೆಯದೆ, ಯಾವ ಮಡಿಕೆಯದೆಂದು ಬರೆದು ಪೊಟ್ಟಣದಲ್ಲಿಡಿ. ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಇದಕ್ಕೆ ಶತ್ರು. ಕ್ಯಾಮೆರಾದಲ್ಲೂ ಆಟೋ ಮೋಡ್ ಇಟ್ಟರೆ ಕಪ್ಪು ನೆಲವನ್ನು ಬೂದು ಮಾಡಿ ಬಳಪದ ಗೆರೆಯನ್ನು ನುಂಗಿಬಿಡುತ್ತದೆ. ಬೂದುಕಾರ್ಡಿಗೆ (ಬೆಳಕು ಅಳೆಯಲು ಇಡುವ ಬೂದು ಬಣ್ಣದ ರಟ್ಟು) ಬೆಳಕು ಅಳೆದು ಕೈಯಿಂದಲೇ ಹೊಂದಿಸಿ. ಇಡುವಾಗ ಒಂದು ಪೆಟ್ಟಿಗೆಗೆ ಒಂದೇ ಕಡತ, ಮೇಲೆ ಏನೂ ಹೇರಬಾರದು.

ಕಾಗದ

ಹಳೆಯ ಕೈಕಾಗದ ಗಟ್ಟಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಮರದ ತಿರುಳಿನ ಗಿರಣಿ ಕಾಗದವೇ ಹಪ್ಪಳದಂತೆ ಪುಡಿಯಾಗುವುದು. ತುಕ್ಕು ಹಿಡಿದ ಪಿನ್ನು, ಸ್ಟೇಪಲ್ ತೆಗೆಯಿರಿ. ಎಳೆಯಬೇಡಿ, ಹಿಂಬದಿಯಿಂದ ಕಾಲು ನೆಟ್ಟಗೆ ಮಾಡಿ ಬಿಡಿಸಿ. ಕಾಡಿಗೆ ಮಸಿ ಕಾಗದವನ್ನು ತಿನ್ನುವುದಿಲ್ಲ, ಆದರೆ ನೀರಿಗೆ ಹರಡುತ್ತದೆ. ಕಂದುಗಟ್ಟಿದ ಕಬ್ಬಿಣದ ಶಾಯಿ ಅಕ್ಷರದ ಆಕಾರದಲ್ಲೇ ಕಾಗದವನ್ನು ತೂತು ಮಾಡುತ್ತದೆ, ತೇವ ತಾಗಿದರೆ ಇನ್ನೂ ಬೇಗ.

ಹರಿದದ್ದಕ್ಕೆ ಜಪಾನೀ ಟಿಶ್ಯೂ, ಗೋಧಿ ಪಿಷ್ಟದ ಗಂಜಿ. ಟಿಶ್ಯೂವನ್ನು ಕತ್ತರಿಸದೆ ಕೈಯಲ್ಲಿ ಹರಿಯಿರಿ, ನಾರಿನ ಅಂಚು ಚೆನ್ನಾಗಿ ಹಿಡಿಯುತ್ತದೆ. ಹುಳ ಬರಬಾರದೆಂದು ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ರೂಢಿ ಬೇಡ, ತಾಮ್ರ ಕಾಗದವನ್ನು ಬೇಗ ಕೊಳೆಸುತ್ತದೆ. ಸೆಲ್ಲೋಟೇಪು, ಲ್ಯಾಮಿನೇಷನ್ ಬಗ್ಗೆ ಒಂದೇ ಮಾತು: ಬೇಡ.

ಕೋಣೆಯ ಹವೆ

ಗುರಿ ಶೇ. 45ರಿಂದ 55 ತೇವಾಂಶ. ಶೇ. 65 ದಾಟಿದರೆ ಬೂಷ್ಟು ಏಳುತ್ತದೆ. ಅಂಕಿಗಿಂತ ಮುಖ್ಯ ಅದು ಕುಣಿಯದಿರುವುದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎ.ಸಿ. ಬೆಳಿಗ್ಗೆ ಹತ್ತಕ್ಕೆ ಶುರು, ಸಂಜೆ ಐದಕ್ಕೆ ಬಂದ್. ಹಗಲು ಒಣಗಿ ರಾತ್ರಿ ತೇವ ಹೀರುವ ಓಲೆ ದಿನವೂ ಹಿಗ್ಗಿ ಕುಗ್ಗಿ ಸೀಳುತ್ತದೆ. ಇಡೀ ದಿನ ನಡೆಸಲು ದುಡ್ಡಿಲ್ಲದಿದ್ದರೆ ಎ.ಸಿ.ಯೇ ಬೇಡ. ಉತ್ತರದ ಕಡೆಯ ಕೋಣೆ, ಒಳಗೋಡೆಗೆ ಕಪಾಟು, ನೆಲದಿಂದ 15 ಸೆಂಟಿಮೀಟರ್ ಎತ್ತರ, ಒಂದು ಡಿಹ್ಯುಮಿಡಿಫೈಯರ್, ಎಕ್ಸಾಸ್ಟ್ ಫ್ಯಾನ್ ಇಷ್ಟರಲ್ಲಿ ಚೆನ್ನಾಗಿ ನಡೆಯುತ್ತದೆ. ಮಳೆಗಾಲಕ್ಕೆ ಬಿಗಿಮುಚ್ಚಳದ 30 ಲೀಟರ್ ಪೆಟ್ಟಿಗೆಗೆ ಸುಮಾರು ಅರ್ಧ ಕಿಲೋ ಸಿಲಿಕಾ ಜೆಲ್ ಹಾಕಬಹುದು, ಆದರೆ ಒಳಗೊಂದು ಚಿಕ್ಕ ಹೈಗ್ರೋಮೀಟರ್ ಇರಲೇಬೇಕು. ತೀರಾ ಒಣಗಿದ ಓಲೆ ಗಾಜಿನಂತೆ ಮುರಿಯುತ್ತದೆ.

ಚಿತ್ರ, ಸೂಚಿ, ತೇದಿ

ಕಾಗದಕ್ಕೆ 400 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಓಲೆಗೆ 600. ಮೂಲ ಪ್ರತಿ ಟಿಫ್ ರೂಪದಲ್ಲಿ. ಎ-4 ಅಳತೆಯ ಬಣ್ಣದ ಪುಟ 600 ಡಿಪಿಐಯಲ್ಲಿ ಸುಮಾರು 104 ಎಂಬಿ, ಸಾವಿರ ಪುಟಕ್ಕೆ 104 ಜಿಬಿ. ಡಿಸ್ಕ್ ಖರೀದಿಯ ಟಿಪ್ಪಣಿ ಬರೆಯುವಾಗಲೇ ಇದನ್ನು ಮೂರರಿಂದ ಗುಣಿಸಿ, ಏಕೆಂದರೆ ಮೂರು ಪ್ರತಿ ಬೇಕು, ಒಂದು ಬೇರೆ ಊರಿನಲ್ಲಿರಬೇಕು. ಮಸಿ ಹೋದ ಓಲೆಗೆ ಒಂದೇ ಕಡೆಯಿಂದ, ಮೇಜಿಗೆ ತಾಗುವಷ್ಟು ತಗ್ಗಿನಿಂದ ಬೆಳಕು ಬಿಟ್ಟರೆ ಕೊರೆದ ಗೀರು ನೆರಳಾಗಿ ಓದಲು ಬರುತ್ತದೆ. ಮತ್ತೆ ಮಸಿ ತುಂಬುವ ಅಗತ್ಯ ಬಹಳ ಸಲ ಬೀಳುವುದೇ ಇಲ್ಲ.

ಸೂಚಿಯಲ್ಲಿ ದಾಖಲೆಯ ಹೆಸರನ್ನು ಅದು ಕರೆದುಕೊಂಡಂತೆಯೇ ಬರೆಯಿರಿ: ನಿರೂಪ, ಮುಚ್ಚಳಿಕೆ, ಕೌಲು, ಸನದು, ಯಾದಿ. ಎಲ್ಲಕ್ಕೂ ‘ಹಳೆಯ ಪತ್ರ’ ಎಂದು ಬರೆದ ಸೂಚಿ ಇದ್ದೂ ಇಲ್ಲದಂತೆ. ಊರಿನ ಹೆಸರು ದಾಖಲೆಯಲ್ಲಿರುವಂತೆ ಒಮ್ಮೆ, ಇಂದಿನ ಹೆಸರು, ಹೋಬಳಿ, ತಾಲ್ಲೂಕಿನೊಂದಿಗೆ ಇನ್ನೊಮ್ಮೆ. ಧಾರವಾಡ, ಬೆಳಗಾವಿ ಕಡೆಯ ದಫ್ತರಕ್ಕೆ ಮರಾಠಿಯ ಮೋಡಿ ಲಿಪಿ ಓದುವವರು, ಕಲಬುರಗಿ, ಬೀದರ್ ಕಡೆಯದಕ್ಕೆ ಉರ್ದು, ಫಾರ್ಸಿ ಬಲ್ಲವರು ಬೇಕು. ಅವರು ಸಿಗುವವರೆಗೆ ‘ಓದಿಲ್ಲ’ ಎಂದು ಬರೆಯಲು ನಾಚಿಕೆ ಬೇಡ.

ತೇದಿಯಲ್ಲಿ ಎಡವುವವರೇ ಹೆಚ್ಚು. ಶಕವರ್ಷಕ್ಕೆ 78, ಫಸಲಿಗೆ (ಕಂದಾಯದ ವರ್ಷ) 590 ಕೂಡಿಸಿದರೆ ಇಸವಿ: ಶಕ 1784, ಫಸಲಿ 1272 ಎರಡೂ 1862-63. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ಬರುತ್ತದೆ. ‘ದುಂದುಭಿ ಸಂವತ್ಸರದ ಆಷಾಢ’ ಎಂದರೆ 1802 ಆಗಬಹುದು, 1862 ಆಗಬಹುದು, 1922ಊ ಆಗಬಹುದು. ಲೆಕ್ಕ ಕಂಠೀರಾಯಿ ವರಹದಲ್ಲಿದೆಯೋ ರೂಪಾಯಿ, ಆಣೆ, ಪೈಯಲ್ಲಿದೆಯೋ, ಛಾಪಾ ಕಾಗದದಲ್ಲಿ ರಾಣಿಯೋ ರಾಜನೋ, ಅದೇ ಗಂಟಿನ ಮೇಲಿನ ಕೆಳಗಿನ ಹಾಳೆಗಳ ವರ್ಷವೇನು ಎಂದು ನೋಡಿ ನಿರ್ಧರಿಸಿ, ಊಹೆಯಾದರೆ ಚೌಕ ಆವರಣದಲ್ಲಿ ಹಾಕಿ. ಮೂಲ ಕ್ರಮ ಕೆಡಿಸಬೇಡಿ ಎಂದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಅಂತರ್ಜಾಲಕ್ಕೆ ಏರಿಸುವ ಮುನ್ನ ಜೀತದ ಪತ್ರ, ಜಾತಿ ಹೆಸರಿನ ಖಾನೇಷುಮಾರಿ, ಸಾಲಗಾರರ ಪಟ್ಟಿಗಳನ್ನು ಬೇರೆ ಮಾಡಿ. ಅವರ ಮೊಮ್ಮಕ್ಕಳು ಅದೇ ಕೇರಿಯಲ್ಲಿದ್ದಾರೆ. ಸೂಚಿಯಲ್ಲಿ ಅವುಗಳ ಇರವು ಎಲ್ಲರಿಗೂ ಕಾಣಲಿ, ಚಿತ್ರ ಓದುಕೋಣೆಯಲ್ಲಿ, ಕೇಳಿದವರ ಹೆಸರು ಬರೆದುಕೊಂಡು ತೋರಿಸಿ. ಸೂಚಿಯ ಒಂದು ಮುದ್ರಿತ ಪ್ರತಿ, ಚಿತ್ರಗಳ ಒಂದು ಡಿಸ್ಕ್ ದಾನಪತ್ರದಲ್ಲಿ ಹೇಳಿದ ದಿನದೊಳಗೆ ಆ ಮನೆಗೆ ತಲುಪಬೇಕು. ದಾಯಾದಿಗಳ ಮನೆಯ ಉಳಿದರ್ಧ ಗಂಟು ಸಾಮಾನ್ಯವಾಗಿ ಹೊರಬರುವುದು ಆಮೇಲೆಯೇ.